ಏಳು ತಲೆಯ ಹೆಸರು

ಎದೆಯ ಎಕ್ಸ್-ರೇ ಇಲ್ಲದೆ ಬಿಷ್ಕೆಕ್ ನಗರಸಭೆಯ ಮನೆಯಿಲ್ಲದವರ ಚಳಿಗಾಲದ ತಂಗುದಾಣದಲ್ಲಿ ಯಾರಿಗೂ ಹಾಸಿಗೆ ಸಿಗದು. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಮುದುಕ, ಒಬ್ಬ ಯುವಕ ಆ ತಂಗುದಾಣದ ಅರ್ಜಿ ತುಂಬುತ್ತಿದ್ದರು. ಬೇಕರಿ ಕೆಲಸದ ಆರೋಗ್ಯಪತ್ರಕ್ಕೆಂದು ಬಂದಿದ್ದ ಬುರುಲ್ ಪಕ್ಕದಲ್ಲೇ ಕುಳಿತಿದ್ದಳು.

"ಜೊಲ್ಚು ಅಣ್ಣ, ಏನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು ಅಂತ ಕೇಳವ್ರೆ."

"ಬರ್ಕೋ. ಅಪ್ಪ ಸಾತಿಕೆ, ತಾತ ಬಾಯ್ಗಾಜಿ, ಮುತ್ತಾತ ಕರಿಮ್‌ಬಾಯ್..."

"ಏಳು ತಲೆಮಾರೂ ಹೇಳ್ಬಿಡ್ತೀಯಾ?"

"ಏಳು ತಲೆ ಗೊತ್ತಿಲ್ದೋನು ಒಬ್ಬ ಕಿರ್ಗಿಜನೇನೋ?"

"ಸತ್ತೋರು ಬೇಡಣ್ಣ. ಬದುಕಿರೋರು ಒಬ್ರು ಸಾಕು."

ಬದುಕಿರುವವರನ್ನು ಎಣಿಸಲು ಮುದುಕ ಬೆರಳು ಮಡಚಹೋದ. ಒಂದನ್ನೂ ಮಡಚಲಿಲ್ಲ.

"ನಿನ್ನ ಹೆಸರೇ ಹಾಕು."

"ನಾನು ಮಲಗೋದೂ ಅಲ್ಲೇ! ಅವ್ರು ತಿಳಿಸೋಕೆ ಮುಂಚೆ ನಂಗೇ ಗೊತ್ತಾಗಿರ್ತದೆ."

"ಗೊತ್ತಾದ್ರೆ ಸಾಕು ಬಿಡೋ."

"ನನ್ನ ಅರ್ಜಿಗೆ?"

"ನಾನಿಲ್ವೇನೋ? ಬರಿ, ನಾಚ್ಕೋಬೇಡ."

ಒಳಗಿನಿಂದ ಕರೆದರು. ಇಬ್ಬರೂ ಎದ್ದು ಹೋದರು.

ಬುರುಲ್ ತನ್ನ ಕಾಗದ ಬಿಡಿಸಿದಳು. ಯಾರಿಗೆ ತಿಳಿಸಬೇಕೆಂಬ ಅದೇ ಪ್ರಶ್ನೆ ಅದರಲ್ಲೂ ಇತ್ತು. ಬರೆಯಲು ಹೆಸರಿಲ್ಲದೆ ಉತ್ತರದ ಜಾಗ ಬೆಳಗಿನಿಂದ ಖಾಲಿಯಾಗಿತ್ತು. ಪೆನ್ನು ಹಿಡಿದು, ಅವರಿಬ್ಬರು ಹೊರಬರಬೇಕಾದ ಬಾಗಿಲನ್ನೇ ನೋಡುತ್ತ ಕುಳಿತಳು.