ಸಬ್ಸಿಡಿ ಬೇಡವೆಂದವರು ಸಬ್ಸಿಡಿ ಬೇಡಿದ ದಿನ

ಐನಾರ್ ಅವರೇ, ಬೋಡಿಲ್ ಕ್ವಿಸ್ಟ್ ಅವರ ತಮ್ಮ ತೊರ್ಕಿಲ್ ಅವರೇ, ಮನೆಯ ಎಲ್ಲರೇ, ವೆಸ್ಟರ್‌ಹೌನ್ ಊರಿನ ಹಿರಿಯರೇ, ಗೆಳೆಯರೇ — ನಿಮಗೆಲ್ಲ ನನ್ನ ನಮಸ್ಕಾರ.

ನಾನು ಪ್ರೆಬೆನ್ ರೌನ್. ಸಂಸತ್ತಿನ ಇಂಧನ ಸಮಿತಿಯಲ್ಲಿ ಹನ್ನೊಂದು ವರ್ಷ ಬೋಡಿಲ್ ಅವರ ಎದುರಿನ ಕುರ್ಚಿಯಲ್ಲಿ ಕುಳಿತವನು. ಎದುರು ಪಕ್ಷದವನು. ಇವತ್ತು ಈ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡು ಎಂದವರು ಅವರ ಪತಿ ಐನಾರ್. "ನಾನು ಬರೋದು ಸರಿನಾ?" ಎಂದು ಕೇಳಿದೆ. "ಅವಳ ಜೊತೆ ಜಾಸ್ತಿ ಜಗಳ ಆಡಿದೋನು ನೀನೇ ಅಲ್ವಾ? ಹಾಗಾದ್ರೆ ಅವಳು ಜಾಸ್ತಿ ಗೊತ್ತಿರೋದೂ ನಿಂಗೇ" ಅಂದರು.

ಪತ್ರಿಕೆಗಳು ಅವರನ್ನು ಗಾಳಿಯಂತ್ರಗಳ ಶತ್ರು ಎಂದು ಬರೆದವು. ಗಾಳಿಯಂತ್ರದ ರೆಕ್ಕೆ ತಯಾರಿಸುವ ಊರಿನಿಂದಲೇ ಗೆದ್ದು ಬಂದು, ರಾಷ್ಟ್ರದ ಇಂಧನ ನೀತಿಯಲ್ಲಿ ಗಾಳಿ ವಿದ್ಯುತ್ತಿಗೆ ಸಬ್ಸಿಡಿ ಬೇಡ ಎಂದ ಹೆಂಗಸು. ಬೇಡ ಎಂದದ್ದು ನಿಜ. ಯಾಕೆ ಎಂದದ್ದು — ಅದನ್ನು ಯಾರೂ ಬರೆಯಲಿಲ್ಲ. ಒಂದು ದಿನ ಮಧ್ಯಾಹ್ನದ ಊಟದಲ್ಲಿ, ರೈ ರೊಟ್ಟಿಯ ಮೇಲೆ ಹೆರಿಂಗ್ ಮೀನು ಇಟ್ಟುಕೊಳ್ಳುತ್ತಾ ನನಗೆ ಹೇಳಿದ್ದರು:

"ನಮ್ಮಪ್ಪ ದೋಣಿ ಕಟ್ಟಿಸಿದ್ದು ಸರ್ಕಾರದ ನೆರವಲ್ಲಿ. ದೊಡ್ಡದು ಕಟ್ಟಿಸು, ದೇಶಕ್ಕೆ ಮೀನು ಬೇಕು ಅಂದ್ರು. ಆರು ವರ್ಷ ಆದ್ಮೇಲೆ ಮೀನು ಹಿಡಿದಿದ್ದು ಜಾಸ್ತಿ ಆಯ್ತು ಅಂದ್ರು. ಅದೇ ದೋಣಿ ಒಡೆಯೋಕೂ ನೆರವು ಕೊಟ್ರು! ಯಂತ್ರ ಬಂದು ಹಲಗೆ ಕೀಳ್ತಾ ಇದ್ರೆ ಅಪ್ಪ ಬಂದರಿನ ಧಕ್ಕೆ ಮೇಲೆ ಟೊಪ್ಪಿ ತೆಗೆದು ನಿಂತಿದ್ರು, ಯಾರೋ ಸತ್ತೋರ ಮುಂದೆ ನಿಂತ ಹಾಗೆ. ಗಾಳಿ ಮೇಲೆ ನಂಗೇನೂ ಕೋಪ ಇಲ್ಲ ಪ್ರೆಬೆನ್. ಕೊಡೋ ಕೈ ಕಂಡ್ರೂ ನಂಗೆ ಭಯ ಇಲ್ಲ. ಹೇಳದೆ ಕೇಳದೆ ಹಿಂದಕ್ಕೆ ಎಳ್ಕೊಳೋ ಕೈ ಕಂಡ್ರೆ ಭಯ."

ನಾನು ನಕ್ಕುಬಿಟ್ಟೆ. ಅಷ್ಟೇ ಅಲ್ಲ, ಅದೇ ಮಧ್ಯಾಹ್ನ ಸಮಿತಿಯಲ್ಲಿ, "ಬೋಡಿಲ್, ನಿಮ್ಮೂರಿನ ಗಾಳಿಗೂ ನೀವಂದ್ರೆ ಆಗಲ್ವಂತೆ" ಎಂದು ಕುಟುಕಿದೆ. ಎಲ್ಲರೂ ನಕ್ಕರು. ಸಬ್ಸಿಡಿಗೆ ಹದಿನಾರು ಕೈಗಳು ಎದ್ದವು. ವಿರುದ್ಧವಾಗಿ ಒಂದು.

ಊರಲ್ಲಿ ಏನಾಯಿತು ಎಂಬುದು ನನಗಿಂತ ನಿಮಗೆ ಗೊತ್ತು. ತೊರ್ಕಿಲ್ ರೆಕ್ಕೆ ಕಾರ್ಖಾನೆಯಲ್ಲೇ ಕೆಲಸದಲ್ಲಿದ್ದರು. ಆ ವರ್ಷ ಕ್ರಿಸ್‌ಮಸ್ ಊಟದ ಮೇಜಿನಲ್ಲೇ ಕೇಳಿದರಂತೆ, "ಅಕ್ಕಾ, ಸ್ವಂತ ತಮ್ಮನ ಹೊಟ್ಟೆ ಮೇಲೆ ಹೊಡೀತೀಯಾ?" — ತೊರ್ಕಿಲ್, ಇದನ್ನು ಹೇಳಲು ನೀವೇ ಒಪ್ಪಿಗೆ ಕೊಟ್ಟಿದ್ದೀರಿ.

ಏಳು ವರ್ಷ ಕಳೆಯಿತು. ಸರ್ಕಾರ ಬದಲಾಯಿತು. ನನ್ನದೇ ಪಕ್ಷ ಅಧಿಕಾರಕ್ಕೆ ಬಂತು. ಬಂದ ಕೂಡಲೇ ಸಬ್ಸಿಡಿಯನ್ನು ಒಂದೇ ಏಟಿಗೆ ನಿಲ್ಲಿಸುವ ಪ್ರಸ್ತಾಪ ತಂದಿತು. ಚಳಿಗಾಲ ಮುಗಿಯುವುದರೊಳಗೆ ಎಲ್ಲ ಬಂದ್.

ಅವತ್ತು ಸಮಿತಿಯಲ್ಲಿ ಎದ್ದು ನಿಂತವರು ಯಾರು? ಬೋಡಿಲ್. ಸಬ್ಸಿಡಿ ಬೇಡ ಎಂದಿದ್ದ ಅದೇ ಬೋಡಿಲ್, ಇನ್ನೂ ನಾಲ್ಕು ವರ್ಷ ಕೊಡಿ, ಮೆಲ್ಲಗೆ ಇಳಿಸಿ ಎಂದು ಬೇಡಿಕೊಂಡರು. ಹೌದು — ಬೇಡಿಕೊಂಡರು.

ನನ್ನ ಪಕ್ಷದವರು ಅವರ ಹಳೆಯ ಭಾಷಣದ ಪ್ರತಿಯನ್ನು ನನ್ನ ಕೈಗಿಟ್ಟರು. "ಓದು ಪ್ರೆಬೆನ್, ನಿನ್ನ ಗಂಟಲು ಚೆನ್ನಾಗಿದೆ." ಓದಿದೆ. ರಾಷ್ಟ್ರದ ಇಂಧನ ನೀತಿ ಸಬ್ಸಿಡಿಯ ಊರುಗೋಲಿನ ಮೇಲೆ ನಿಲ್ಲಬಾರದು — ಹೇಳಿದವರು, ಬೋಡಿಲ್ ಕ್ವಿಸ್ಟ್! ಕೋಣೆ ತುಂಬ ನಗು. ಅವರು ಆ ನಗು ಮುಗಿಯುವವರೆಗೆ ಕಾದರು. ಆಮೇಲೆ ಹೇಳಿದರು:

"ಹೌದು, ನಾನೇ ಹೇಳಿದ್ದು. ಊರುಗೋಲು ಕೊಡಬೇಡಿ ಅಂದೆ. ನೀವು ಕೊಟ್ರಿ. ಈಗ ಅದನ್ನ ನಂಬ್ಕೊಂಡು ನಮ್ಮೂರ ಕಾರ್ಖಾನೆಯ ಮುನ್ನೂರ ನಲವತ್ತು ಜನ ಮೆಟ್ಟಿಲು ಇಳೀತಿದಾರೆ. ಅರ್ಧ ದಾರೀಲಿ ಕಿತ್ಕೋಬೇಡಿ ಅಂತಿದೀನಿ. ಇದರಲ್ಲಿ ನಗೋಂಥದ್ದು ಏನಿದೆ?"

ಅಧ್ಯಕ್ಷರು ಪ್ರಸ್ತಾಪವನ್ನು ಮತಕ್ಕೆ ಹಾಕಿದರು. ನಿಲ್ಲಿಸಬೇಕೆಂದು ಒಂಬತ್ತು, ಬೇಡವೆಂದು ಎಂಟು. ಆ ಒಂಬತ್ತರಲ್ಲಿ ನಾನೂ ಒಬ್ಬ. ಅವರ ಮಾತು ಸರಿ ಎಂದು ಗೊತ್ತಿತ್ತು. ಪಕ್ಷದ ಅಪ್ಪಣೆಯೂ ಇತ್ತು. ಕೈಯನ್ನು ಹೀಗೆ — ನೋಡಿ, ಇಷ್ಟೇ, ಭುಜದವರೆಗೆ ಮಾತ್ರ ಎತ್ತಿದೆ. ಆದರೂ ಎಣಿಸಿಕೊಂಡರು.

ಏಪ್ರಿಲ್‌ನಲ್ಲಿ ಕಾರ್ಖಾನೆ ಮುಚ್ಚಿತು. ತೊರ್ಕಿಲ್ ನೇರವಾಗಿ ಅಕ್ಕನ ಮನೆಗೆ ಹೋದರು. "ಅಕ್ಕಾ, ಅವತ್ತು ನೀನು ಹೇಳಿದ್ದೇ ಆಯ್ತಲ್ಲ." ಬೋಡಿಲ್ ಬಾಗಿಲಲ್ಲೇ ತಮ್ಮನ ಕೈ ಹಿಡಿದುಕೊಂಡರಂತೆ. "ಆಗಬಾರದಿತ್ತು ಕಣೋ. ನನ್ನ ಮಾತು ಸುಳ್ಳಾಗಬೇಕಿತ್ತು."

ಮುಂದಿನ ಚುನಾವಣೆಯಲ್ಲಿ ಸೋತರು. ಗಾಳಿ ಬೇಕೆಂದವರೂ ಮತ ಹಾಕಲಿಲ್ಲ, ಬೇಡವೆಂದವರೂ ಹಾಕಲಿಲ್ಲ. ಕೆಲಸ ಕಳೆದುಕೊಂಡವರಿಗಾಗಿ ಮಂತ್ರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. 'ತಮ್ಮ ಪತ್ರ ತಲುಪಿದೆ' ಎಂಬ ಒಂದೇ ಸಾಲಿನ ಉತ್ತರ ಬರುತ್ತಿತ್ತು. ಅಷ್ಟರಲ್ಲಿ ಕಾಯಿಲೆ.

ಕಳೆದ ಶರತ್ಕಾಲದಲ್ಲಿ ಕ್ಷಮೆ ಕೇಳಲು ಬಂದೆ. ಕಾಫಿ ಕೊಟ್ಟರು. ನನ್ನ ಮಾತು ಪೂರ್ತಿ ಮುಗಿಸಲೂ ಬಿಡಲಿಲ್ಲ. "ನೀನು ಓದದೆ ಇದ್ದಿದ್ರೆ ಇನ್ನೊಬ್ಬ ಓದ್ತಿದ್ದ. ಕೈ ಎತ್ತದೆ ಇದ್ದಿದ್ರೆ ನಿನ್ನ ಕುರ್ಚೀಲಿ ಇನ್ನೊಬ್ಬನ್ನ ಕೂರಿಸ್ತಿದ್ರು. ಕಾಫಿ ಆರೋಗತ್ತೆ, ಕುಡಿ." ಬೈದಿದ್ದರೆ ಹೊತ್ತುಕೊಂಡು ಹೋಗುತ್ತಿದ್ದೆ. ಬೈಯಲಿಲ್ಲ.

ಹೊರಡುವಾಗ ಒಂದೇ ಒಂದು ಕೇಳಿದರು. "ಮುಂದೆ ಇನ್ಯಾವುದೋ ಊರಿಗೆ ಇನ್ಯಾವುದೋ ಯೋಜನೆ ಬರತ್ತೆ. ಕೊಡೋವಾಗ ಎಲ್ರೂ ಚಪ್ಪಾಳೆ ಹೊಡೀತಿರ್ತೀರಲ್ಲ — ಆಗ ಒಬ್ಬರಾದ್ರೂ ಕೇಳ್ತೀರಾ, ಇದನ್ನ ನಿಲ್ಲಿಸೋದು ಹೇಗೆ ಅಂತ?"

"ಕೇಳ್ತೀನಿ" ಅಂದೆ.

ಕಳೆದ ಮಂಗಳವಾರ ಸಮಿತಿಯ ಮುಂದೆ ಹೊಸ ಸಬ್ಸಿಡಿ ಯೋಜನೆ ಬಂತು. ಚಪ್ಪಾಳೆ ಆಯಿತು. ನಾನು ಎದ್ದು ಕೇಳಿದೆ — "ಇದನ್ನು ನಿಲ್ಲಿಸುವುದು ಹೇಗೆ? ಆಗ ಆ ಜನರ ಗತಿ ಏನು?" ಅಧ್ಯಕ್ಷರು ಗಡಿಯಾರ ನೋಡಿದರು. ಮುಂದಿನ ವಿಷಯ ಕೈಗೆತ್ತಿಕೊಂಡರು. ನಾನು ಕುಳಿತುಕೊಂಡೆ.

ಆದರೂ ಕೇಳಿದೆನಲ್ಲ, ಹೇಳೋಣ ಎಂದು ಬೋಡಿಲ್ ಅವರ ಮನೆಗೆ ಫೋನ್ ಮಾಡಿದೆ. ಐನಾರ್ ಎತ್ತಿಕೊಂಡರು. ಬೋಡಿಲ್ ಅವತ್ತು ಬೆಳಿಗ್ಗೆಯೇ ತೀರಿಹೋಗಿದ್ದರು.

ಇನ್ನು ನನ್ನ ಹತ್ತಿರ ಮಾತಿಲ್ಲ. ದಯಮಾಡಿ ಎಲ್ಲರೂ ಎದ್ದು ನಿಲ್ಲಿ. ಅವರ ಹೆಸರಿನಲ್ಲಿ ಒಂದು ನಿಮಿಷ ಸುಮ್ಮನಿರೋಣ. ನಮ್ಮ ಕೈಲಿ ಈಗ ಆಗುವುದು ಅಷ್ಟೇ.