ಬಾಗಿಲಿಗೆ ಬಿದ್ದ ಮೇಕೆ

ನಾರಿನ್ ಊರಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ತಾಯಿ ತೊಡೆಯ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದಳು. ಎದುರಿಗೆ, ಕುದುರೆ ಮೇಲಿಂದಲೇ ಮೇಕೆಯ ಮುಂಡ ಕಸಿಯುವ ಉಲಾಕ್ ಆಟದ ಸವಾರನೊಬ್ಬ ತಲೆ ತಗ್ಗಿಸಿ ನಿಂತಿದ್ದ.

“ಕೂತ್ಕೋ ತಾಲಾಯ್. ನಿಂತ್ರೆ ಏನೂ ಸರಿಹೋಗಲ್ಲ.”

“ತಪ್ಪಾಯ್ತು ಅಮ್ಮಾ. ಕುದುರೆ ಮುಗ್ಗರಿಸ್ತು, ನಿಮ್ಮ ಎರ್ಮೆಕ್ ಅಡಿಗೆ ಸಿಕ್ಕಿದ. ಆಗಲೂ ಮೇಕೆ ಬಿಟ್ಟಿರಲಿಲ್ಲ. ‘ತಗೊಂಡ್ ಹೋಗ್ರೋ, ಆಟ ನಿಲ್ಲಿಸಬೇಡಿ’ ಅಂದ.”

“ನೀವೂ ನಿಲ್ಲಿಸಲಿಲ್ಲ.”

“ಗೆದ್ವಿ. ಗೆದ್ದ ಮೇಕೇನ ಗೌರವಕ್ಕೆ ಒಬ್ಬರ ಮನೆ ಬಾಗಿಲಿಗೆ ಎಸೀತೀವಲ್ಲ, ಅದು ಅವನ ಮನೆ ಬಾಗಿಲಿಗೇ ಬೀಳಬೇಕು ಅನ್ನಿಸ್ತು.”

“ಮೇಕೆ ಬಾಗಿಲಿಗೆ ಬಿದ್ರೆ ನಾನೇನಂದ್ಕೋಬೇಕು? ಮಗ ಗೆದ್ದ, ಹಿಂದೇ ಬರ್ತಿದಾನೆ ಅಂದ್ಕೊಂಡೆ. ಒಲೆ ಹಚ್ಚಿದೆ, ಊರನ್ನೆಲ್ಲ ಕರೆದೆ, ನಗ್ತಾ ನಗ್ತಾ ಬಡಿಸಿದೆ. ನೀವೂ ಕೂತು ತಿಂದ್ರಿ.”

“ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ.”

“ತಿನ್ನೋಕೆ ಬಂತಲ್ಲ!”

ಅವನು ಮುಖ ಮುಚ್ಚಿಕೊಂಡ. ಅವಳು ಗಂಟಿನ ಮೇಲೆ ಕೈಯಾಡಿಸಿದಳು.

“ಅವನ ಪಾಲಿನ ತೊಡೆಮಾಂಸ ಎತ್ತಿಟ್ಟಿದ್ದೆ. ತಂದಿದೀನಿ.”

“ಕಾಲೆರಡಕ್ಕೂ ಇನ್ನು ಬಲ ಬರಲ್ಲ ಅಂತ ಅವನಿಗೆ ಗೊತ್ತಾ?”

“ಇಲ್ಲ. ಮುಂದಿನ ಆಟಕ್ಕೆ ಕುದುರೆಗೆ ಲಾಳ ಹೊಡೆಸು ಅಂತಾನೆ.”

ನರ್ಸ್ ಬಾಗಿಲಿಗೆ ಬಂದು, “ಎರ್ಮೆಕ್ ಕಡೆಯೋರು ಬನ್ನಿ” ಅಂದಳು. ತಾಯಿ ಎದ್ದು ಗಂಟನ್ನು ತಾಲಾಯ್ ಕೈಗಿಟ್ಟಳು. ಒಳಗೆ ಹೋಗುತ್ತಾ ಅವಳು ಅಂದದ್ದು ನನಗೆ ಕೇಳಿಸಿತು:

“ಕಾಲಿನ ವಿಷಯ ನಾನೇ ಹೇಳ್ತೀನಿ. ಅವತ್ತು ನಾನು ಎಷ್ಟು ನಕ್ಕೆ ಅಂತ ನೀನು ಹೇಳು.”