ಅಪ್ಪನದ್ದೊಂದು ಪಕ್ಷ, ಮಗನದ್ದೊಂದು, ನಡುವೆ ಹೊಸ ಅಕ್ಕಿ ಊಟ

ಅಲ್ಲ, ಕೋಪ ಅಂತ ಹೇಳಲಿಕ್ಕಾಗುವುದಿಲ್ಲ ಮಕ್ಕಳೇ, ನಿಮ್ಮ ಅಪ್ಪನ ಮೇಲೆ ಅಜ್ಜನಿಗೆ ಬಂದದ್ದು ಕೋಪ ಅಲ್ಲ, ಅದು ಬೇರೆ ಎಂತದ್ದೋ. ಕಾಪುವಿನಲ್ಲಿ ನಾವು ಗೇಣಿ ಒಕ್ಕಲು, ಗೊತ್ತುಂಟಾ, ಬೆಳೆದ ಅಕ್ಕಿ ಮುಡಿ ಕಟ್ಟಿ ಧನಿಗಳ ಮನೆಗೆ ಹೊತ್ತು ಹಾಕುವುದು, ನಾವು ಬಂದು ಗಂಜಿತಿಳಿ ಕುಡಿಯುವುದು. ಆಮೇಲೆ ಕಾನೂನು ಬಂತು, ಗೇಯ್ದವನಿಗೇ ಗದ್ದೆ ಅಂತ. ಗೇಯುವವರು ನಾವೇ ಅಂತ ಅಜ್ಜ ಡಿಕ್ಲರೇಷನ್ ಬರೆದು ಕೊಟ್ಟರು, ಗದ್ದೆ ನಮ್ಮ ಹೆಸರಿಗಾಯ್ತು. ಅವತ್ತಿನಿಂದ ಆ ಕಾನೂನು ತಂದ ಪಕ್ಷ ಅಂದ್ರೆ ಅವರಿಗೆ ದೈವ. ವೋಟಿನ ದಿನ ಸ್ನಾನ ಮಾಡಿ, ಕಾಫಿ ಸಹ ಕುಡಿಯದೆ, ಅಲ್ಲ, ಆಗ ಕಾಫಿ ಎಲ್ಲಿತ್ತು, ಬೆಲ್ಲ ನೀರು, ಅದನ್ನೂ ಕುಡಿಯದೆ ಹೋಗ್ತಿದ್ದರು. ನಾನು ಹಿಂದಿನಿಂದ. ನಿನಗೆ ಯಾರು ಬೇಕು ಅಂತ ನನ್ನತ್ರ ಯಾರೂ ಕೇಳಿದ್ದಿಲ್ಲ.

ನಿಮ್ಮ ಅಪ್ಪ ಸುಧಾಕರ ಕಾರ್ಕಳದ ಕಾಲೇಜಿಗೆ ಹೋದ ನೋಡಿ, ಅಲ್ಲಿ ಆಚೆ ಪಕ್ಷದವನಾದ. ಅವನೊಬ್ಬನೇ ಅಲ್ಲ, ಊರಿನ ಹುಡುಗರೆಲ್ಲ ಹಾಗೆಯೇ, ಗದ್ದೆ ಸಿಕ್ಕಿದ ಮನೆಯವರೇ. ಒಂದು ಇಲೆಕ್ಷನ್ನಿಗೆ ಅಜ್ಜ ಶಾಲೆಯ ಹತ್ತಿರ ಹೋಗಿ ನೋಡ್ತಾರೆ, ಆಚೆಯವರ ಮೇಜಿನಲ್ಲಿ ಮಗನೇ ಕೂತು ವೋಟಿನವರ ಹೆಸರು, ನಂಬರು ನೋಡಿ ಚೀಟಿ ಬರೆಯುತ್ತಿದ್ದಾನೆ. "ಅಪ್ಪಾ, ನಿಮ್ಮ ಚೀಟಿ" ಅಂತ ಕೈ ಚಾಚಿದ. ಇವರು ಮುಟ್ಟಲಿಲ್ಲ. ಪಕ್ಕದವನೊಬ್ಬ, "ಎಂತ ಸುಧಾಕರ, ಮನೆ ವೋಟೇ ಇಲ್ವಾ ಮಾರಾಯ?" ಅಂತ ನಕ್ಕನಂತೆ. ಮನೆಗೆ ಬಂದು ಅಜ್ಜ, "ನೀನು ಉಣ್ಣುವುದು ಯಾರು ಕೊಡಿಸಿದ ಗದ್ದೆಯದ್ದು?" ಇವನು, "ಕೊಡಿಸಿದ್ದು ಸರಿ, ಅದಕ್ಕೆ ಎಷ್ಟು ತಲೆಮಾರು ಅವರಿಗೇ ಹಾಕುವುದು ಅಪ್ಪ?" ಅಷ್ಟೇ. ಮಾತು ನಿಂತಿತು. "ಅವನಿಗೆ ಹೇಳು", "ಅಪ್ಪನಿಗೆ ಹೇಳಿ", ನಡುವೆ ನಾನು ಟಪಾಲಿನವಳು.

ಹೊಸ ಅಕ್ಕಿ ಊಟದ ದಿನ ಬಂತು. ನಮ್ಮಲ್ಲಿ ಉಂಟಲ್ಲ, ತುತ್ತು ಬಾಯಿಗಿಡುವ ಮೊದಲು ಕಿರಿಯರು "ಹೊಸತು ಉಣ್ತೇನೆ" ಅಂತ ಹಿರಿಯರನ್ನು ಕೇಳಬೇಕು, ಅವರು "ಉಣ್ಣು" ಅನ್ನಬೇಕು. ನಾನು ಬೇಕೆಂದೇ ಎದುರೆದುರು ಎಲೆ ಹಾಕಿದೆ. ಕೇಳಿದರೆ ಹೇಳಲೇಬೇಕಲ್ವಾ, ಮಾತು ಶುರುವಾಗ್ತದೆ ಅಂತ. ಸುಧಾಕರ ಕೇಳಿದ, "ಅಪ್ಪಾ, ಹೊಸತು ಉಣ್ತೇನೆ." ಇವರು ಎಲೆ ನೋಡಿದರು. ಇನ್ನೊಮ್ಮೆ ಕೇಳಿದ, ಸ್ವರ ಸಣ್ಣ ಮಾಡಿ. ಇವರು ಅನ್ನ ಕಲಸಿದರು. ನಾನೂ ಹಿರಿಯಳೇ, ನಾನೂ "ಉಣ್ಣು ಮಗಾ" ಅನ್ನಬಹುದಿತ್ತು. ಸೌಟು ಹಿಡಿದು ನಿಂತೆ, ಬಾಯಿ ಬರಲಿಲ್ಲ. ಅವನು ಮುಟ್ಟದೆ ಎದ್ದು ಹೋದ. ಆ ಅನ್ನ ದನಕ್ಕೆ ಹಾಕಿದೆ. ಅಳು ಬರಲಿಲ್ಲ, ಎಂತದ್ದೂ ಬರಲಿಲ್ಲ. ಪಾತ್ರೆ ತೊಳೆದೆ. ಮುಂದಿನ ಹೊಸ ಊಟಕ್ಕೆ ಅಜ್ಜ ಇರಲಿಲ್ಲ.

ಈಗ ಶ್ರಾವ್ಯಾ, ನಿನಗೆ ನಿನ್ನ ಅಪ್ಪನ ಪಕ್ಷ ಆಗುವುದಿಲ್ಲ, ಅವನು ಒಳಗೆ ಮುಖ ಊದಿಸಿ ಕೂತಿದ್ದಾನೆ. ಯಾರಿಗೆ ಬೇಕಾದರೂ ಹಾಕು, ಯಾವ ಪಕ್ಷದವನೂ ಬಂದು ನಮಗೆ ಬಡಿಸುವುದಿಲ್ಲ. ಮನೆಯವರು ಕೇಳಿದ್ದಕ್ಕೆ ಬಾಯಿ ಬಿಟ್ಟು ಉತ್ತರ ಕೊಡಿ, ಅಷ್ಟು ಸಾಕು. ಹೋಗು, ಅವನನ್ನು ಊಟಕ್ಕೆ ಕರಿ.